ಕಿವಿಯ ಮೇಲಿನ ಗೀರು

"ಕಿವಿ ಮೇಲೆ ಎರಡು ಗೀರು ಬರ್ಬೇಕಪ್ಪಾ. ಸಿನಿಮಾದಲ್ಲಿ ಆ ಕೊಲೆಗಾರನಿಗೆ ಇದೆಯಲ್ಲ, ಥೇಟ್ ಹಾಗೇ," ಎನ್ನುತ್ತಾ ಮಗ ಅಪ್ಪನ ಕ್ಷೌರದಂಗಡಿಯ ಕುರ್ಚಿಯಲ್ಲಿ ಕೂತ.

ಟವೆಲು ಮಡಚುತ್ತಿದ್ದ ಮಾಮ ತಲೆಯೆತ್ತಿದ. "ಆ ದರಿದ್ರ ಕಟಿಂಗ್ ನಿನಗೆ ಬೇಡ. ಕೋತಿ ಥರ ಕಾಣ್ತೀಯ."

"ಊರಿಗೆಲ್ಲ ಹೊಡೀತೀರಿ, ಮನೆ ಮಗ ಮಾತ್ರ ಕೋತಿನಾ ಮಾಮ?"

ಅವನೆಂದದ್ದು ಸುಳ್ಳಲ್ಲ. ಸಿನಿಮಾ ಬಂದಾಗಿನಿಂದ ಬೀದಿಯ ಹುಡುಗರೆಲ್ಲ ಅದನ್ನೇ ಕೇಳುತ್ತಿದ್ದರು, ಅಪ್ಪ ತುಟಿ ಬಿಗಿಹಿಡಿದು ಹೊಡೆಯುತ್ತಿದ್ದ. ಬೇಡವೆಂದರೆ ಯಾಕೆ ಅನ್ನುತ್ತಾರೆ. ಆ 'ಯಾಕೆ' ಮಗನ ಕಿವಿಗೆ ಬೀಳುತ್ತದೆ. ಆ ಸಿನಿಮಾ ಹೆಸರು ಬದಲಿಸಿ ತೆಗೆದ ನಿಜವಾದ ಕೊಲೆಗಾರನ ಕಥೆ. ಅವನು ಮೊದಲು ಕೊಂದದ್ದು ಇದೇ ಹುಡುಗನ ಅಮ್ಮನನ್ನು. ಅಪ್ಪ, ಅವಳ ಒಡಹುಟ್ಟಿದ ಮಾಮ ಇಬ್ಬರೂ ಊರು ಬಿಟ್ಟು ಬಂದು, ಅಮ್ಮ ಜ್ವರದಲ್ಲಿ ಹೋದಳು ಎಂದು ಹೇಳಿ ಮಗನನ್ನು ಬೆಳೆಸಿದ್ದರು. ಒಮ್ಮೆ ಹೇಳಿದ ಸುಳ್ಳನ್ನು ದಿನಾ ಕೂಳು ಹಾಕಿ ಸಾಕಬೇಕಲ್ಲ.

ಅಪ್ಪ ವಾದಿಸದೆ ಬಟ್ಟೆ ಹೊದಿಸಿ ಮೆಷಿನ್ ಹಚ್ಚಿದ. ಮೊದಲ ಗೀರು ಮೂಡಿತು.

"ಮೊದಲನೇ ಕೊಲೆ ಇದೆಯಲ್ಲ, ಅಬ್ಬಾ! ಅವಳು ಬಟ್ಟೆ ಹೊಲೀತಾ ಇರ್ತಾಳೆ. ನೀರು ಕೊಡಿ ಅಕ್ಕ ಅಂತಾನೆ. ಪೆದ್ದಿ, ಬಾಗಿಲು ತೆರೆದಿಟ್ಟೇ ಒಳಗೆ ಹೋಗ್ತಾಳೆ. ಥಿಯೇಟರ್ ತುಂಬಾ ಶಿಳ್ಳೆ!"

"ಬಾಯ್ಮುಚ್ಕೊಂಡು ಕೂತ್ಕೊಳೋ," ಮಾಮ ಗದರಿದ.

"ಮಜಾ ಕೇಳು ಮಾಮ. ಪಕ್ಕದಲ್ಲೇ ತೊಟ್ಟಿಲು. ಅಷ್ಟೆಲ್ಲ ಆದ್ರೂ ಮಗು ಅಳೋದೇ ಇಲ್ಲ!"

"ಅತ್ತಿತ್ತು," ಎಂದ ಅಪ್ಪ.

"ನೀವು ಸಿನಿಮಾ ನೋಡೇ ಇಲ್ವಲ್ಲ?"

"ನೀನು ಅತ್ತಿದ್ದೆ ಕಣೋ. ಆಗಿನ ಅಂಗಡಿವರೆಗೂ ಕೇಳ್ತಿತ್ತು. ಯಾರದೋ ಮಗು ಅಂದ್ಕೊಂಡು ನಾನು ಗಿರಾಕಿ ಗಡ್ಡ ಮುಗಿಸಿ ಬಂದೆ."

ಮಗ ಕನ್ನಡಿಯಲ್ಲೇ ಮಾಮನನ್ನು ಹುಡುಕಿದ. ಮಾಮ ಟವೆಲಿನಲ್ಲಿ ಮುಖ ಮುಚ್ಚಿಕೊಂಡಿದ್ದ.

"ಜ್ವರ ಅಂದಿದ್ರಿ..."

ಮೆಷಿನ್ ಒಂದೇ ಗುಂಯ್‌ಗುಡುತ್ತಿತ್ತು.

"ನಾನೂ ಶಿಳ್ಳೆ ಹೊಡೆದೆನಪ್ಪಾ," ಎಂದ ಮಗ. ಕಿವಿಯ ಮೇಲಿನ ಗೀರು ಮುಟ್ಟಿ, "ತೆಗೀರಿ ಇದನ್ನ. ಪೂರ್ತಿ ತೆಗೀರಿ."

"ತಲೆ ಬೋಳಾಗುತ್ತೆ."

"ಆಗ್ಲಿ."

ಅಪ್ಪ ಮೆಷಿನ್ ಎತ್ತಿದ, ಮತ್ತೆ ಇಳಿಸಿದ. ಮಾಮ ಎದ್ದು ಬಂದು ಮೆಷಿನ್ ತೆಗೆದುಕೊಂಡ, ಅದರ ಹಲ್ಲಿಗೆ ಸಿಕ್ಕಿದ್ದ ಕೂದಲನ್ನು ಊದಿ, ಹಣೆಯಿಂದ ಶುರುಮಾಡಿದ. ಅಪ್ಪ ಬಗ್ಗಿ, ಮಗನ ಕಿವಿಯನ್ನು ಮೆಲ್ಲಗೆ ಮಡಚಿ ಹಿಡಿದುಕೊಂಡ.