ಬೆನ್ನ ಹಿಂದಿನ ಗಿಲಕಿ

ಆಟಿಕೆ ಅಂಗಡಿಯ ಕೌಂಟರಿನಲ್ಲಿ ಹತ್ತೊಂಬತ್ತು ವರ್ಷ ನಿಂತವನಿಗೆ ಮಕ್ಕಳ ಬಗ್ಗೆ ಗೊತ್ತಿಲ್ಲದ್ದು ಏನೂ ಇರುವುದಿಲ್ಲ ಎಂದು ಅವನೊಬ್ಬನೇ ಅಲ್ಲ, ಇಡೀ ಬಳಗವೇ ನಂಬಿತ್ತು. ಅವನಿಗೆ ಮಕ್ಕಳಿರಲಿಲ್ಲ, ಮದುವೆಯೂ ಆಗಿರಲಿಲ್ಲ. ಬಹುಶಃ ಅದಕ್ಕೇ ಅವನ ಜ್ಞಾನಕ್ಕೆ ಇಷ್ಟು ವರ್ಷ ಯಾವ ಪೆಟ್ಟೂ ಬಿದ್ದಿರಲಿಲ್ಲ. ಅವನ ವ್ಯಾಪಾರದ ಗುಟ್ಟು ಒಂದೇ. ಗಿರಾಕಿಯ ಹೆಗಲ ಮೇಲಿನ ಕೂಸಿನ ಬೆನ್ನ ಹಿಂದೆ ಮೆಲ್ಲಗೆ ಹೋಗಿ ಗಿಲಕಿ ಅಲ್ಲಾಡಿಸುವುದು, ಕೂಸು ತಿರುಗಿದ ಕೂಡಲೇ "ನೋಡಿ, ಅದೇ ಆರಿಸ್ಕೊಂಡ್ಬಿಡ್ತು!" ಎನ್ನುವುದು. ಮಗು ಆರಿಸಿದ್ದನ್ನು ಬೇಡ ಎನ್ನುವ ತಂದೆತಾಯಿಗಳನ್ನು ಅವನು ಇನ್ನೂ ಕಂಡಿರಲಿಲ್ಲ.

ಈ ಗುಟ್ಟು ಕೈಕೊಟ್ಟದ್ದು ಒಂದೇ ಕಡೆ, ಅವನ ಅಕ್ಕನ ಮನೆಯ ನಡುಮನೆಯಲ್ಲಿ. ಅಕ್ಕನ ಮಗಳು ಪುಟ್ಟಿಗೆ ಆಗ ಐದು ತಿಂಗಳು. ಚೀಲದ ತುಂಬ ಆಟಿಕೆ ತಂದ ಮಾವ ಅವಳ ಬೆನ್ನ ಹಿಂದೆ ಕೂತು ಗಿಲಕಿ ಅಲ್ಲಾಡಿಸಿದ. ಪುಟ್ಟಿ ತನ್ನ ಕಾಲ್ಬೆರಳನ್ನು ನೋಡುತ್ತಿದ್ದಳು. ಗಂಟೆ ಬಾರಿಸಿದ, ಬಾತುಕೋಳಿಯನ್ನು ಅದುಮಿ ಕಿರುಚಿಸಿದ, ಕೊನೆಗೆ ಸೈರನ್ ಹೊಡೆಯುವ ಪೊಲೀಸ್ ಕಾರನ್ನೂ ಬಿಟ್ಟ. ಪಕ್ಕದ ಮನೆಯವರು ಕಿಟಕಿ ತೆರೆದು ನೋಡಿದರು. ಪುಟ್ಟಿಗೆ ಮಾತ್ರ ಕಾಲ್ಬೆರಳೇ ಹೆಚ್ಚಾಗಿತ್ತು.

"ಯಾಕೋ, ತಿರುಗ್ತಾನೇ ಇಲ್ವಲ್ಲ?" ಅಡುಗೆಮನೆಯ ಬಾಗಿಲಲ್ಲಿ ಅಕ್ಕ ಕೈ ಒರೆಸಿಕೊಳ್ಳುತ್ತ ಕೇಳಿದಳು.

"ಈ ಸಲದ ಮಾಲೇ ಸರಿಯಿಲ್ಲ ಅಕ್ಕ. ಸದ್ದಲ್ಲಿ ದಮ್ಮೇ ಇಲ್ಲ."

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಇವನು ಆಟಿಕೆ ಮಾಡಿದ ಮೂರು ಕಾರ್ಖಾನೆಗಳನ್ನು ಡೊಂಕು ಮಾಡಿ, ಚೀಲ ಹೆಗಲಿಗೇರಿಸಿಕೊಂಡು ಹೊರಟ. ಸಾವಿರಾರು ಕೂಸುಗಳ ಬೆನ್ನ ಹಿಂದೆ ನಿಂತವನಿಗೆ ಎರಡನೆಯ ಆಟಿಕೆಗೇ ಗೊತ್ತಾಗಿಹೋಗಿತ್ತು. ಹೇಳಲು ಬಾಯಿ ಬರಲಿಲ್ಲ, ಅಷ್ಟೇ. ಈ ಸುದ್ದಿಯನ್ನು ತಾನೇ ಯಾಕೆ ಹೇಳಬೇಕು, ಡಾಕ್ಟರುಗಳು ಇರುವುದು ಮತ್ತೇತಕ್ಕೆ ಎಂದು ತನಗೆ ತಾನೇ ಸಮಾಧಾನ ಮಾರಿಕೊಂಡ.

ಡಾಕ್ಟರು ಹೇಳಿದರು, ಎರಡು ತಿಂಗಳ ನಂತರ.

ಸುದ್ದಿ ಹಬ್ಬಿದ ಮೇಲೆ ಬಳಗಕ್ಕೆ ಪುಟ್ಟಿಯ ಮೇಲೆ ಇದ್ದಕ್ಕಿದ್ದಂತೆ ಪ್ರೀತಿ ಉಕ್ಕಿತು. ಒಂದು ಭಾನುವಾರ ಎಲ್ಲರೂ ಉಡುಗೊರೆ ಹೊತ್ತು ಬಂದರು. ದೊಡ್ಡಮ್ಮ ತಂದದ್ದು ಒಂದು ಡೋಲು. "ದಿನಾ ಕಿವಿ ಹತ್ರ ಜೋರಾಗಿ ಬಾರಿಸ್ತಾ ಇರು. ಇವತ್ತಲ್ಲ ನಾಳೆ ಕಿವಿ ಬಿಟ್ಕೊಳ್ಳುತ್ತೆ." ಕಿವಿಯೇನು ಅಡುಗೆಮನೆಯ ನಲ್ಲಿಯೇ ಎಂದು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ. ಚಿಕ್ಕಪ್ಪ ಬೊಗಳುವ ನಾಯಿ ತಂದಿದ್ದರು. "ನಾನು ಯೋಚನೆ ಮಾಡಿಯೇ ತಂದಿದ್ದೀನಿ. ಬ್ಯಾಟರಿ ತೆಗೆದುಬಿಟ್ಟಿದ್ದೀನಿ, ಈಗ ಇವಳಿಗೆ ಸರಿಹೋಗುತ್ತೆ" ಎಂದು ಎಲ್ಲರತ್ತ ನೋಡಿದರು, ಯಾರಾದರೂ ಮೆಚ್ಚಲಿ ಎಂದು. ಭಾವನ ಕಚೇರಿಯವರು ಸೇರಿ ಕೊಟ್ಟದ್ದು ಹಾಡುವ ಗೋಡೆ ಗಡಿಯಾರ. ಎಲ್ಲರೂ ಪುಟ್ಟಿಯ ತಲೆ ಸವರಿ, ಅವಳ ಕಿವಿಯ ವಿಷಯವನ್ನು ಅವಳ ತಲೆಯ ಮೇಲೆಯೇ ಪಿಸುಮಾತಿನಲ್ಲಿ ಆಡಿದರು. ಅವಳಿಗೆ ಕೇಳಿಸಿಬಿಟ್ಟೀತು ಎಂಬ ಎಚ್ಚರಿಕೆ!

ಅವರು ಹೋದ ಮೇಲೆ ಅಕ್ಕ ತಮ್ಮನ ಮುಂದೆ ಕಾಗದ, ಪೆನ್ನು ಇಟ್ಟಳು.

"ಒಂದು ಪಟ್ಟಿ ಬರೆದುಕೊಡು. ಇನ್ನು ಮೇಲೆ ಯಾರಾದ್ರೂ ಏನು ತರಲಿ ಅಂತ ಕೇಳಿದ್ರೆ ಅದನ್ನೇ ಕಳಿಸ್ತೀನಿ. ಈ ಗುಂಪಲ್ಲಿ ಬುದ್ಧಿ ಇರೋನು ನೀನೊಬ್ಬನೇ."

ಅವನು ಬರೆದ. ಒಡೆಯದ ಕನ್ನಡಿ. ಬಣ್ಣ ಬದಲಿಸುವ ದೀಪದ ಬುಗುರಿ. ಪುಟಪುಟಕ್ಕೂ ಬೇರೆ ಬೇರೆ ಬಟ್ಟೆ ಹೊಲಿದ ಪುಸ್ತಕ, ಒಂದು ಒರಟು, ಒಂದು ನುಣುಪು. ಮುಟ್ಟಿದರೆ ನಡುಗುವ ಆಮೆ. ಸೋಪಿನ ಗುಳ್ಳೆ. ಕೈ ತೂರಿಸಿ ಆಡಿಸುವ ಬೊಂಬೆ, ಆದರೆ ಆಡಿಸುವವರ ಮುಖ ಅವಳಿಗೆ ಕಾಣಬೇಕು. ಚೆನ್ನಾಗಿಯೇ ಬರೆದ; ಕಸುಬು ಕಸುಬೇ.

"ಆಸ್ಪತ್ರೇಲಿ ಕೇಳಿದ್ರು" ಎಂದಳು ಅಕ್ಕ, ಏಣಿ ಹತ್ತಿ ಡೋಲನ್ನು ಅಟ್ಟಕ್ಕೆ ಹಾಕುತ್ತ. "ಎರಡು ತಿಂಗಳು ಮುಂಚೆ ಬಂದಿದ್ರೆ ಒಳ್ಳೇದಿತ್ತು, ಮನೇಲಿ ಯಾರಿಗೂ ಅನುಮಾನವೇ ಬರ್ಲಿಲ್ವಾ ಅಂತ. ನಮ್ಮವರಲ್ಲಿ ಯಾರಿಗೆ ಬರ್ಬೇಕು, ಹೇಳು?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇವನ ಪೆನ್ನು ಕೈಜಾರಿ ಮೇಜಿನಡಿಗೆ ಉರುಳಿತು. ಹೇಳಿದರೆ ಅಕ್ಕನ ಮನೆಯ ಬಾಗಿಲು ಮುಚ್ಚುತ್ತದೆ. ಹೇಳದಿದ್ದರೆ ಬುದ್ಧಿವಂತನಾಗಿಯೇ ಉಳಿಯಬಹುದು, ಸಾಯುವವರೆಗೂ. ಮೇಜಿನಡಿ ಬಗ್ಗಿದವನು ಅಲ್ಲಿಂದಲೇ ಹೇಳಿದ, ಮುಖ ತೋರಿಸಬೇಕಾಗಿರಲಿಲ್ಲವಲ್ಲ.

"ನನಗೆ ಬಂದಿತ್ತು ಅಕ್ಕ. ಗಿಲಕಿ ಅಲ್ಲಾಡಿಸಿದ ದಿನಾನೇ."

ಏಣಿ ಇಳಿಯುವ ಸದ್ದು ನಿಂತಿತು.

"ಮಾಲು ಸರಿಯಿಲ್ಲ ಅಂದಿದ್ದೆ."

"ಹೂಂ."

"ನನಗೂ ಅವತ್ತು ಎದೆ ಧಸಕ್ ಅಂದಿತ್ತು. ಆಟಿಕೆ ಅಂಗಡಿಯವನು, ನಮ್ಮವನೇ, ಅವನೇ ಹೇಳ್ತಿದ್ದಾನಲ್ಲ ಅಂತ ಸುಮ್ಮನಾದೆ. ಎಷ್ಟು ಚೆನ್ನಾಗಿ ಮಾರಿದ್ಯೋ! ನಾನು ಚೌಕಾಸಿನೂ ಮಾಡದೆ ಕೊಂಡ್ಕೊಂಡೆ."

ಬೈದಿದ್ದರೆ ತಾಳಿಕೊಳ್ಳುತ್ತಿದ್ದ. ಈ ಮಾತಿಗೆ ಪೆನ್ನು ಸಿಕ್ಕರೂ ಮೇಜಿನಡಿಯೇ ಉಳಿದ.

"ಎರಡು ತಿಂಗಳು ಬಾಯಿ ಮುಚ್ಕೊಂಡಿದ್ದೆ ತಾನೆ? ನಾನೂ ಎರಡು ತಿಂಗಳು ನಿನ್ನ ಹತ್ರ ಬಾಯಿ ಬಿಡಲ್ಲ. ಆದ್ರೆ ಒಂದು ಭಾನುವಾರ ತಪ್ಪಿಸಿದ್ಯೋ, ಕಾಲು ಮುರೀತೀನಿ. ಅವಳಿಗೆ ಇರೋನು ಒಬ್ಬನೇ ಮಾವ."

ಅಕ್ಕ ಹೇಳಿದ್ದನ್ನು ಮಾಡುವವಳು. ಮುಂದಿನ ಭಾನುವಾರ ಬಾಗಿಲು ತೆರೆದಳು, ತುಟಿ ತೆರೆಯಲಿಲ್ಲ. ವಾರಕ್ಕೊಮ್ಮೆ ಮನೆಗೆ ಬರುವ ಕಿವಿ ಕೇಳಿಸದ ಶಿಕ್ಷಕಿ ಕಲಿಸಿದಂತೆ ಪುಟ್ಟಿಯ ಜೊತೆ ಕೈಯಲ್ಲಿ ಮಾತಾಡುತ್ತಿದ್ದಳು, ತಮ್ಮನಿಗೂ ಅದೇ ಭಾಷೆಯಲ್ಲಿ ಅಪ್ಪಣೆ ಮಾಡಿದಳು. ಟವೆಲ್ ಕೇಳಿದರೆ ಪೊರಕೆ ತಂದ. ಹಾಲು ಎಂದರೆ ಕಿಟಕಿ ಮುಚ್ಚಿದ. ಗಂಟೆಗೆ ನೂರು ಸುಳ್ಳು ಹೇಳಬಲ್ಲ ನಾಲಿಗೆ ಆ ಮನೆಯಲ್ಲಿ ಮೂರು ಕಾಸಿಗೂ ಬಾರದಾಯಿತು. ನಾಲ್ಕನೆಯ ವಾರಕ್ಕೆ ಹಾಲು, ಇನ್ನೂ, ಸಾಕು, ಸ್ನಾನ ಎಂಬ ಪದಗಳು ಕೈಗೆ ಬಂದವು. ಏಳನೆಯ ವಾರ ಪುಟ್ಟಿ ಅವನತ್ತ ನೋಡಿ 'ಇನ್ನೂ' ಎಂದಳು. ಅವನು ಸೋಪಿನ ಗುಳ್ಳೆ ಊದಿ ಊದಿ ತಲೆ ತಿರುಗಿ ಕೂತ.

ಎಂಟು ವಾರ ತುಂಬಿದ ಭಾನುವಾರ ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದ. ಒಳ್ಳೆಯ ಮಾತುಗಳು, ಕಲ್ಲೂ ಕರಗುವಂಥವು.

"ಬಾ. ಗಡುವು ಮುಗೀತು, ಈಗ ಹೇಳು" ಎಂದಳು ಅಕ್ಕ.

ಅವನು ಶುರುಮಾಡಿದ. ನೆಲದ ಮೇಲೆ ಕೂತಿದ್ದ ಪುಟ್ಟಿ ಅವನ ತುಟಿ ನೋಡಿದಳು, ಅಮ್ಮನ ತುಟಿ ನೋಡಿದಳು. ಯಾರ ಕೈಯೂ ಅಲ್ಲಾಡದ್ದು ಕಂಡು ತಲೆ ತಗ್ಗಿಸಿ ಕೂತಳು. ಅವನು ಮಾತನ್ನು ಅಲ್ಲಿಗೇ ಬಿಟ್ಟ.

ಅವಳ ಎದುರು ಮಂಡಿಯೂರಿ ಕೂತ. ಅವನಿಗೆ ಗೊತ್ತಿದ್ದ ಹದಿನಾಲ್ಕು ಪದಗಳಲ್ಲಿ ಬೇಕಾದದ್ದು ಇರಲಿಲ್ಲ.

"ಅಕ್ಕ, 'ತಪ್ಪಾಯ್ತು' ಅನ್ನೋದಕ್ಕೆ ಹೇಗೆ?"

ಅಕ್ಕ ತೋರಿಸಿದಳು. ಅವನು ಮಾಡಿದ. ಏನು ಹೇಳಿದನೋ ಏನೋ, ಪುಟ್ಟಿ ಅವನ ಮುಖ ನೋಡಿ ಕಿಲಕಿಲ ನಕ್ಕಳು.

ಅಕ್ಕ ಪಕ್ಕದಲ್ಲಿ ಕೂತು ತಮ್ಮನ ಬೆರಳುಗಳನ್ನು ಹಿಡಿದು ಸರಿಮಾಡಿದಳು. "ಹಾಗಲ್ಲ. ಇನ್ನೊಂದ್ಸಲ ಹೇಳು."