ಅವ್ವನ ಕೈ ಮರೆಯಲಿಲ್ಲ

ನನ್ನ ತಂಗಿ ಹೇಮಶ್ರೀ ಅಲ್ಜೈಮರ್ಸ್ ಎಂಬ ಮರೆವಿನ ಕಾಯಿಲೆಯ ಬಗ್ಗೆ ಸಂಶೋಧನೆ ಮಾಡುವ ವಿಜ್ಞಾನಿ. ಅವಳ ಲೇಖನಗಳು ವಿದೇಶದ ಪತ್ರಿಕೆಗಳಲ್ಲೂ ಅಚ್ಚಾಗಿವೆ. ಆದರೆ ನಮ್ಮೂರು ಚಿನಕುರಳಿಯ ಹಾಲಿನ ಡೇರಿಯಲ್ಲಿ, ನನ್ನಂತೆಯೇ ಹಾಲು ಹಾಕಲು ಬರುವ ತಿಮ್ಮರಾಜು ದಿನಾ ನನ್ನನ್ನು ಕೆಣಕುತ್ತಿದ್ದ.

"ಅಷ್ಟೊಂದ್ ಬರ್ದವ್ಳಂತೆ, ಎತ್ತವ್ವಂಗೆ ಒಂದ್ ಮಾತ್ರೆ ಮಾಡಕಾಗ್ನಿಲ್ವೇನ್ಲಾ?"

ನಮ್ಮವ್ವ ಪುಟ್ಟಗೌರಮ್ಮನಿಗೂ ಅದೇ ಕಾಯಿಲೆ. ಅನಾಹುತ ಆದೀತೆಂದು ನಾವು ಅವಳನ್ನು ಯಾವ ಕೆಲಸಕ್ಕೂ ಬಿಡುತ್ತಿರಲಿಲ್ಲ. ಅವಳು ಊಟ ಬಿಟ್ಟು ಮೂಲೆ ಹಿಡಿದಳು.

ಹಬ್ಬಕ್ಕೆ ಬಂದ ಹೇಮಶ್ರೀ ಅವ್ವನನ್ನು ಹಾಲು ಕರೆಯಲು ಕೊಟ್ಟಿಗೆಗೆ ಕರೆದೊಯ್ದಳು.

"ಅಸ ಒದ್ಬುಟ್ರೆ?" ನಾನು ರೇಗಿದೆ.

"ಹೆಸ್ರು ಮರ್ತ್ರೂವೆ, ಕೈ ಕಲ್ತ ಕೆಲ್ಸ ಬೇಗ ಮರೆಯಾಕಿಲ್ಲ ಕಣಣ್ಣ. ನಾನ್ ಬರ್ದಿರೋದೇ ಅದು."

ಅವ್ವ ಕುಕ್ಕರಗಾಲಲ್ಲಿ ಕೂತು, ಕೆಚ್ಚಲು ತೊಳೆದು, ನೊರೆಹಾಲು ಕರೆದಳು. ಆಮೇಲೆ ತಾನೇ ಮುದ್ದೆ ಕೇಳಿ ಉಂಡಳು.

ಮಾರನೆಯ ಬೆಳಿಗ್ಗೆ ಹಾಲಿನ ಜೊತೆ ಅವ್ವನನ್ನೂ ಡೇರಿಗೆ ಕರೆದೊಯ್ದೆ.

"ನಾನ್ಯಾರು ಹೇಳವ್ವ?" ಅಂದ ತಿಮ್ಮರಾಜು.

ಅವ್ವ ಅವನ ಕ್ಯಾನಿಗೆ ಬೆರಳದ್ದಿ, ಒಂದು ಹನಿಯನ್ನು ಉಗುರಿನ ಮೇಲೆ ಬಿಟ್ಟು ನೋಡಿದಳು. ಹನಿ ನಿಲ್ಲದೆ ಜಾರಿಹೋಯಿತು.

"ಯಾರೋ ಕಾಣೆ ಕಣಪ್ಪ. ಆಲ್ಗೆ ನೀರ್ ಉಯ್ದಿದ್ದೀಯ."

ಸಾಲಿನಲ್ಲಿದ್ದವರೆಲ್ಲ ನಕ್ಕರು. ನಾನು ಎಲ್ಲರಿಗೂ ಕೇಳುವಂತೆ ಹೇಳಿದೆ:

"ನನ್ ತಂಗಿ ಬರ್ದಿರೋದು ಇದ್ನೇ ಕಣ್ಲಾ. ಓದ್ಕೋ."