ಕನ್ನಡಕದ ಮೇಲಿನ ನೊಣ

ಕುರಮೋಚಿ ಮೇಷ್ಟ್ರು ನಡೆಯುವಾಗ ಎಡಕ್ಕೆ ವಾಲುತ್ತಿದ್ದರು. ಅದು ಹುಟ್ಟಿನಿಂದ ಬಂದದ್ದಲ್ಲ. ಬೂದು ಕೋಟಿನ ಎಡಜೇಬಿನಲ್ಲಿ ಋತುಪದಗಳ ದಪ್ಪ ಕೋಶವೊಂದನ್ನು ಮೂವತ್ತು ವರ್ಷ ಹೊತ್ತು ತಿರುಗಿದ್ದರ ಫಲ. ಯಾವ ಹೂವು, ಯಾವ ಹುಳು, ಯಾವ ಗಾಳಿ ಯಾವ ಋತುವಿಗೆ ಸೇರಿದ್ದೆಂದು ಹೇಳುವ ಆ ಪುಸ್ತಕವಿಲ್ಲದೆ ಅವರು ಊಟಕ್ಕೂ ಏಳುತ್ತಿರಲಿಲ್ಲ. ಮತ್ಸುಯಾಮಾದ ನಮ್ಮ ಪ್ರೌಢಶಾಲೆಯಲ್ಲಿ ನಾನು ಗಣಿತದವನು. ಹದಿನೆಂಟು ವರ್ಷ ಅವರ ಪಕ್ಕದ ಮೇಜು ನನ್ನದಾಗಿತ್ತು, ಅವರ ಹೈಕು ಕೂಟದ ಒಂದು ಮೂಲೆಯೂ ನನ್ನದಾಗಿತ್ತು.

ಮಕ್ಕಳು ಹೈಕು ತಂದರೆ ಅವರು ಮೊದಲು ಓದುತ್ತಿರಲಿಲ್ಲ, ಕೇಳುತ್ತಿದ್ದರು: "ಎಲ್ಲಿ ನೋಡ್ದೆ? ಯಾವತ್ತು?" ಉತ್ತರ ತಡವರಿಸಿದರೆ ಚೀಟಿ ವಾಪಸ್ಸು. ಕಾಣದ್ದನ್ನು ಬರೆಯುವುದು ಕಳವು ಎಂಬುದು ಅವರ ಹಟ. ಒಮ್ಮೆ ಶಾಲೆಯ ಸಂಚಿಕೆಗೆ ಪ್ರಾಂಶುಪಾಲರೇ ಹೊಸವರ್ಷದ ಮುಂಜಾನೆಯ ಹಿಮದ ಮೇಲೊಂದು ಹೈಕು ಕೊಟ್ಟರೆ, ಈ ಮಹಾನುಭಾವರು "ಆ ದಿನ ಹಿಮ ಬಿದ್ದಿಲ್ಲ" ಎಂದು ಕೆಂಪು ಶಾಯಿಯಲ್ಲಿ ಬರೆದು ಹಿಂದಿರುಗಿಸಿದ್ದರು. ಪ್ರಾಂಶುಪಾಲರು ಎರಡು ತಿಂಗಳು ಅವರ ಮುಖ ನೋಡಲಿಲ್ಲ. ಮೇಷ್ಟ್ರು ಅದನ್ನು ಗಮನಿಸಲೂ ಇಲ್ಲ.

ಕೂಟದಲ್ಲಿ ಮೇಷ್ಟ್ರೂ ಸೇರಿ ಎಲ್ಲರೂ ಹೆಸರಿಲ್ಲದ ಚೀಟಿಯಲ್ಲಿ ಹೈಕು ಬರೆದು ಡಬ್ಬಿಗೆ ಹಾಕುತ್ತಿದ್ದೆವು. ಕೈಬರಹದ ಗುರುತು ಹತ್ತದಿರಲೆಂದು ಚೀಟಿಗಳನ್ನು ಕಲೆಸಿ, ಹಂಚಿಕೊಂಡು, ಬೇರೆ ಹಾಳೆಗೆ ನಕಲು ಮಾಡಿ, ಮೂಲ ಚೀಟಿಗಳನ್ನು ಮತ್ತೆ ಡಬ್ಬಿಗೇ ಹಾಕುತ್ತಿದ್ದೆವು. ಆ ನಕಲುಗಳಲ್ಲಿ ಒಬ್ಬೊಬ್ಬರೂ ಒಂದನ್ನು ಆರಿಸಬೇಕು. ತನ್ನದನ್ನು ತಾನೇ ಆರಿಸಕೂಡದು. ಆರಿಸಿದ್ದನ್ನು ಓದಿದ ಕೂಡಲೇ ಬರೆದವರು ತಮ್ಮ ಹೆಸರನ್ನು ಗಟ್ಟಿಯಾಗಿ ಹೇಳಬೇಕು.

ಹೋದ ನವೆಂಬರಿನ ಕೂಟದಲ್ಲಿ ನಕಲು ಮಾಡಲು ನನ್ನ ಪಾಲಿಗೆ ಮೇಷ್ಟ್ರ ಚೀಟಿಯೇ ಬಂತು. ಪಕ್ಕದಲ್ಲಿದ್ದ ಮದೊಕಾ, ಕೂಟದ ಹಿರಿಯ ವಿದ್ಯಾರ್ಥಿನಿ, ಬರಹ ಗುರುತಿಸಿ ಮುಗುಳ್ನಕ್ಕಳು. ಅಂದು ಮಧ್ಯಾಹ್ನವಷ್ಟೇ ಮೇಷ್ಟ್ರು ಕಿಟಕಿಯ ಬಳಿ ಕನ್ನಡಕ ತೆಗೆದಿಟ್ಟು, ಅದರ ಮೇಲೆ ಬಂದು ಕೂತ ನೊಣವೊಂದನ್ನು ನೋಡುತ್ತ ಕೂತಿದ್ದನ್ನು ನಾನು ಕಂಡಿದ್ದೆ. ಕೊನೆಗೆ ಮೇಷ್ಟ್ರ ಸರದಿ. ಅವರು ನಾನು ಮಾಡಿದ ನಕಲನ್ನೇ ಎತ್ತಿ ಓದಿದರು:

ಚಳಿಗಾಲದ ನೊಣ
ತೆಗೆದಿಟ್ಟ ಕನ್ನಡಕದ ಮೇಲೆ
ಬಿಸಿಲು ಕಾಯಿಸುತ್ತ

"ನೋಡೋದು ಅಂದ್ರೆ ಇದು. ನಿಮ್ಮಲ್ಲಿ ಒಬ್ಬರಿಗಾದ್ರೂ ಕಣ್ಣು ಬಂತಲ್ಲ. ಯಾರದು?"

ತಮಾಷೆಯಿರಬೇಕೆಂದು ಒಂದು ಕ್ಷಣ ಕಾದೆ. ಆದರೆ ಅವರು ಜನ್ಮದಲ್ಲಿ ತಮಾಷೆ ಮಾಡಿದವರಲ್ಲ. ಆ ಮುಖದಲ್ಲಿದ್ದದ್ದು ಅಪ್ಪಟ ಸಂತೋಷ, ಅಪ್ಪಟ ಕುತೂಹಲ. ಗಂಟೆಯ ಹಿಂದೆ ತಾವೇ ಬರೆದದ್ದು ಅವರ ನೆನಪಿನಲ್ಲಿ ಇರಲೇ ಇಲ್ಲ.

"ಮದೊಕಾ," ಎಂದಳು ಮದೊಕಾ, ಗಟ್ಟಿಯಾಗಿ.

ಮೇಷ್ಟ್ರು ಹಿಗ್ಗಿಹೋದರು. "ನೀನಾ? ಭೇಷ್. ಎಲ್ಲಿ ನೋಡ್ದೆ?"

"ಮನೇಲಿ ಮೇಷ್ಟ್ರೇ. ಅಜ್ಜನ ಕನ್ನಡಕ."

"ಯಾವತ್ತು?"

"ಭಾನುವಾರ."

"ಭಾನುವಾರ ಇಡೀ ದಿನ ಮಳೆ ಕಣಮ್ಮ." ದನಿ ಗಡುಸಾಯಿತು. "ನೀನು ನೋಡಿಲ್ಲ. ಬೇರೆಯವರದ್ದು ಕದ್ದಿದೀಯ. ಯಾರದು ಹೇಳು."

ಭಾನುವಾರದ ಮಳೆ ನೆನಪಿದೆ, ತಮ್ಮ ನೊಣ ನೆನಪಿಲ್ಲ! ಮದೊಕಾ ತಲೆ ತಗ್ಗಿಸಿ ಅಳತೊಡಗಿದಳು. ಆಗಲಾದರೂ ನಾನು ಎದ್ದು ನಿಲ್ಲಬೇಕಿತ್ತು. ನಿಲ್ಲಲಿಲ್ಲ, ಆ ನಾಚಿಕೆ ಇವತ್ತಿಗೂ ಇದೆ. ಮೇಷ್ಟ್ರು ಡಬ್ಬಿಯನ್ನು ಎಳೆದುಕೊಂಡು ಮೂಲ ಚೀಟಿಗಳನ್ನು ಒಂದೊಂದಾಗಿ ಸರಿಸಿದರು. ಒಂದರ ಮೇಲೆ ಬೆರಳು ನಿಂತಿತು. ಆ ಚೀಟಿಯನ್ನು ನೋಡಿದರು, ಮದೊಕಾಳನ್ನು ನೋಡಿದರು, ಆಮೇಲೆ ಅದನ್ನು ನಕಲು ಮಾಡಿದ ನನ್ನನ್ನು. ನಮ್ಮಿಬ್ಬರಿಗೂ ಮೊದಲೇ ಗೊತ್ತಿತ್ತೆಂಬುದು ಅವರಿಗೆ ತಿಳಿಯಿತು.

ಅವರು ಎದ್ದು ನಿಂತು, ಕೈಗಳನ್ನು ಪಕ್ಕಕ್ಕೆ ಇಳಿಬಿಟ್ಟು, ಸ್ಪಷ್ಟವಾಗಿ ಹೇಳಿದರು: "ಕುರಮೋಚಿ."

ಆಮೇಲೆ ಆ ಹುಡುಗಿಯ ಮುಂದೆ ಸೊಂಟದವರೆಗೆ ಬಾಗಿದರು. "ಕದ್ದೆ ಅಂದದ್ದು ತಪ್ಪಾಯ್ತಮ್ಮ. ನನ್ನ ಆಯ್ಕೆ ಹೊಡೆದುಹಾಕಿ. ತನ್ನದನ್ನ ತಾನೇ ಆರಿಸೋ ಹಾಗಿಲ್ಲ."

ಆ ವಾರವೇ ಅವರು ರಾಜೀನಾಮೆ ಕೊಟ್ಟರು. ಅವರಂಥವರನ್ನು ಹಟಮಾರಿಗಳೆಂದು ನಾವು ಹಗುರವಾಗಿ ಕರೆದು ಸುಮ್ಮನಾಗುತ್ತೇವೆ. ಬೇರೆಯವರ ಸುಳ್ಳನ್ನು ಸಹಿಸದವರು ಲೋಕದಲ್ಲಿ ಬೇಕಾದಷ್ಟಿದ್ದಾರೆ. ಅದೇ ನಿಯಮ ತಮ್ಮ ಕೊರಳಿಗೆ ಬಂದ ದಿನ ಎದ್ದು ನಿಂತು ಹೆಸರು ಹೇಳುವವರು ಎಲ್ಲೋ ಒಬ್ಬರು. ಅಂಥವರನ್ನು ಸುಳ್ಳು ಹೇಳಿ ಕಾಪಾಡಲು ಹೋಗಬಾರದು. ಹೋದರೆ ಅವರು ಬಾಗಿ ನಮ್ಮ ಕ್ಷಮೆ ಕೇಳುತ್ತಾರೆ, ಅದನ್ನು ಹೊರುವ ಶಕ್ತಿ ನಮಗಿರುವುದಿಲ್ಲ.